ಹತ್ತಿ ಪಾಠ, ಏಳನೆಯ ಸಲ

ಗೋಪಾಲಕೃಷ್ಣ ರಾಯರ ಜೇಬುಗಡಿಯಾರ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪು ಹೊತ್ತು ತೋರಿಸಿದ್ದಿಲ್ಲ. ಶಾಲೆಯ ಗಂಟೆ ಹೊಡೆಯುತ್ತಿದ್ದದ್ದು ಅದನ್ನು ನೋಡಿ, ಊರಿನ ಮದುವೆಗಳಲ್ಲಿ ತಾಳಿ ಕಟ್ಟಿಸುತ್ತಿದ್ದದ್ದು ಅದನ್ನು ನೋಡಿ. ಅಂಥ ಗಡಿಯಾರ ಮೊದಲ ಸಲ ನಲವತ್ತು ನಿಮಿಷ ಹಿಂದೆ ಬಿದ್ದದ್ದು ಐವತ್ತಾರನೆಯ ಇಸವಿಯಲ್ಲಿ, ಅನಂತುವಿನ ಪರೀಕ್ಷೆಯ ದಿನ ಬೆಳಿಗ್ಗೆ.

ಅನಂತು ಎಂದರೆ ಅನಂತಪದ್ಮನಾಭ. ಕೋಯಮತ್ತೂರು ಸೀಮೆಯ ಕಿಣತ್ತುಕಡವಿನಿಂದ ಒಂದೂವರೆ ಮೈಲಿ ಒಳಗಿದ್ದ ಊರಿನಲ್ಲಿ ಇಬ್ಬರು ಮೇಷ್ಟ್ರ ಶಾಲೆ. ಶಾಲೆಗೆ ಒಂದು ಕುರ್ಚಿ, ಒಂದು ಮುಕ್ಕಾಲಿ. ಕುರ್ಚಿಯ ಮೇಲೆ ಹೆಡ್ಮಾಸ್ಟರ್ ರಾಯರು, ಮುಕ್ಕಾಲಿಯ ಮೇಲೆ ಅನಂತು. ಅವನು ಸೇರಿ ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಮೂರನೆಯ ಕ್ಲಾಸಿನ ಮಕ್ಕಳು ತಮಿಳು ಪೇಪರನ್ನು ತಡವರಿಸದೆ ಓದಿ, ಕಣ್ಣು ಕಾಣದ ತಾತಂದಿರಿಗೆ ಹತ್ತಿಯ ಧಾರಣೆ ಹೇಳುವಷ್ಟಾಗಿದ್ದರು. ಆದರೆ ಅನಂತುವಿಗೆ ಬೋಧನೆಯ ಸರ್ಟಿಫಿಕೇಟ್ ಇರಲಿಲ್ಲ. ಆದ್ದರಿಂದ ಸರ್ಕಾರದ ದೃಷ್ಟಿಯಲ್ಲಿ ಆ ಮಕ್ಕಳು ಇನ್ನೂ ಏನೂ ಕಲಿತಿರಲಿಲ್ಲ.

ಸರ್ಟಿಫಿಕೇಟಿಗೆ ಎರಡು ಪರೀಕ್ಷೆ. ಬರೆಯುವ ಪರೀಕ್ಷೆಯಲ್ಲಿ ಅವನು ‘ಮಗು ಎಂದರೇನು’ ಎಂಬುದಕ್ಕೆ ಎರಡೂವರೆ ಪುಟ ಬರೆದು ಪಾಸಾಗಿದ್ದ. ಉಳಿದದ್ದು ಪಾಠ ಹೇಳಿ ತೋರಿಸುವ ಪರೀಕ್ಷೆ. ಕೋಯಮತ್ತೂರಿನ ಒಂದು ಮಾದರಿ ಶಾಲೆಗೆ ಹೋಗಿ, ಕಂಡುಕೇಳದ ಮಕ್ಕಳಿಗೆ, ಪರೀಕ್ಷಕರ ಎದುರು, ಮುಕ್ಕಾಲು ಗಂಟೆಯಲ್ಲಿ, ಐದು ಮೆಟ್ಟಿಲು ಹತ್ತಿಸಿ ಒಂದು ಪಾಠ ಮುಗಿಸಬೇಕು. ಮೊದಲು ಪ್ರಚೋದನೆಯ ಪ್ರಶ್ನೆ, ಆಮೇಲೆ ತಲೆಬರಹ, ಆಮೇಲೆ ನಿಜವಸ್ತು ಪ್ರದರ್ಶನ, ಆಮೇಲೆ ಚಿತ್ರಪಟ, ಕೊನೆಗೆ ಸಾರಾಂಶ. ಒಂದು ಮೆಟ್ಟಿಲು ತಪ್ಪಿದರೂ ಮಕ್ಕಳಿಗೆ ವಿದ್ಯೆ ಹತ್ತುವುದಿಲ್ಲವೆಂದು ಮದರಾಸಿನಲ್ಲಿ ಕೂತ ಯಾರೋ ಕಂಡುಹಿಡಿದಿದ್ದರು. ಈ ಸಲದ ಪಾಠ ಹತ್ತಿ.

ಅನಂತುವಿಗೆ ಇದರಲ್ಲಿ ಕೆಲಸಕ್ಕಿಂತ ದೊಡ್ಡ ಸಂಗತಿಯೊಂದು ಸಿಕ್ಕಿಕೊಂಡಿತ್ತು. ಅದರ ಹೆಸರು ಪದ್ಮಾಕ್ಷಿ. ರಾಯರ ಮಗಳು. ರಾಯರು ಅನಂತುವಿನ ತಾಯಿ ತುಳಸಮ್ಮನಿಗೆ ದೊಡ್ಡಪ್ಪನ ಮಗ, ಅಂದರೆ ಅನಂತುವಿಗೆ ಸೋದರಮಾವನ ವರಸೆ. ಹೆಣ್ಣು ಕೇಳುವ ಹಕ್ಕು ಇತ್ತು. ಪದ್ಮಾಕ್ಷಿಗೂ ಒಪ್ಪಿಗೆ ಇತ್ತು. ಒಪ್ಪಿಗೆ ಇಲ್ಲದಿದ್ದದ್ದು ಅವಳ ತಾಯಿ ಅಂಬುಜಮ್ಮನಿಗೆ. ರಾಯರಿಗೂ ಸರ್ಟಿಫಿಕೇಟ್ ಇರಲಿಲ್ಲ. ಅವರು ಸೇರಿದ ಕಾಲದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

“ಇನ್ಸ್‌ಪೆಕ್ಟರ್ ಬಂದಾಗೆಲ್ಲ ನಿಮ್ ಮಾಮ ಬಾಗಿಲ ಸಂದೀಲಿ ನಿಂತು ಕೈ ಹಿಸುಕ್ಕೊಳ್ಳೋದ್ನ ನೋಡಿ ನೋಡಿ ನನಗೆ ಸಾಕಾಯ್ತು,” ಎಂದಿದ್ದಳು ಅಂಬುಜಮ್ಮ. “ಅಳಿಯನೂ ಹಂಗೇ ನಿಂತ್ಕೊಳ್ಳೋದು ಬೇಡ. ಸರ್ಟಿಪಿಕೇಟ್ ತಾ, ಪದ್ಮಾನ ಕರ್ಕೊಂಡ್ ಹೋಗು. ಇಲ್ಲಾಂದ್ರೆ ತಿರುಪ್ಪೂರಿನ ಹುಡುಗ ಇದ್ದಾನೆ. ತೈ ತಿಂಗಳ ಸಂಕ್ರಾಂತಿಯಿಂದ ಅವರ ಮನೆಯವರು ಕೇಳ್ತಾನೇ ಇದ್ದಾರೆ.”

ರಾಯರು ಆಗ ಏನೂ ಹೇಳಲಿಲ್ಲ. ಮನೆಯಲ್ಲಿ ಏನೂ ಹೇಳದಿರುವುದು ಅವರಿಗೆ ಮದುವೆಯಾದ ದಿನದಿಂದ ಬಂದ ಅಭ್ಯಾಸ. ಒಂದು ಚಿಟಿಕೆ ನಶ್ಯ ಏರಿಸಿ ಸೂರು ನೋಡಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಅನಂತುವಿನ ಮನೆಯಲ್ಲಿ ಊರೇ ನೆರೆದಿತ್ತು. ತಾಯಿ ತುಳಸಮ್ಮ ಮೊಸರನ್ನ ಕಟ್ಟಿಕೊಟ್ಟು ಹಣೆಗೆ ಅಂಗಾರ ಅಕ್ಷತೆ ಇಟ್ಟಳು. ಪಕ್ಕದ ತೋಟದ ತಂಗವೇಲು ಬುಡ ಸಮೇತ ಕಿತ್ತ ಎರಡು ಹತ್ತಿ ಗಿಡ ಹೊತ್ತು ತಂದ. ಅಂಬುಜಮ್ಮ ಯಾವುದೋ ಮದುವೆಮನೆಯಿಂದ ಉಳಿಸಿ ತಂದಿದ್ದ ಅತ್ತರನ್ನು ಹತ್ತಿಯ ಉಂಡೆಗೆ ಅದ್ದಿ ಅವನ ಕಿವಿಗೆ ಸಿಕ್ಕಿಸಿದಳು.

“ಪರೀಕ್ಷೆ ಮಾಡೋರು ಹತ್ರ ಬಂದ್ರೆ ಗಮಗಮಾಂತ ಇರ್ಬೇಕು, ನನ್ ಕಣ್ಣು,” ಎಂದಳು.

ರಾಯರು ಎಲ್ಲರಿಗಿಂತ ಹೆಚ್ಚು ಉತ್ಸಾಹದಲ್ಲಿದ್ದರು. ಶಾಲೆಯ ಬೀರುವಿನಿಂದ ತಾವೇ ಚಿತ್ರಪಟವನ್ನು ತೆಗೆದು, ಸುರುಳಿ ಸುತ್ತಿ, ಮೂರು ಕಡೆ ದಾರ ಬಿಗಿದು ತಂದಿದ್ದರು.

“ದಾರಿಲಿ ಬಿಚ್ಬೇಡ್ಡಾ ಅನಂತು, ಧೂಳು ಕೂತ್ಕೊಂಡ್ರೆ ಹತ್ತಿ ಹತ್ತಿ ಥರ ಕಾಣಲ್ಲ. ತಗೋ, ನನ್ ಗಡಿಯಾರನೂ ಇಟ್ಕೋ. ಏಳೂಕಾಲು ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿದೆ. ಓಡ್ಬೇಡ, ನಿದಾನವಾಗಿ ನಡೆ. ಬೆವತ್ರೆ ಓದಿದ್ದೆಲ್ಲ ಮರ್ತು ಹೋಗುತ್ತೆ.”

ಅನಂತು ಕಾಲಿಗೆ ಬಿದ್ದ. ರಾಯರ ಕಣ್ಣಲ್ಲಿ ನೀರು ಬಂತು. ಎಷ್ಟು ಒಳ್ಳೆಯ ಮಾವ ಎಂದುಕೊಂಡು ಅವನ ಕಣ್ಣಲ್ಲೂ ಬಂತು. ಕಿಟಕಿಯಿಂದ ನೋಡುತ್ತಿದ್ದ ಪದ್ಮಾಕ್ಷಿಯೊಬ್ಬಳೇ, “ನಮ್ಮಪ್ಪ ಗಡಿಯಾರನ ಯಾರಿಗೂ ಮುಟ್ಟಕ್ಕೂ ಬಿಡಲ್ಲ, ಇವತ್ತೇನಾಯ್ತು?” ಎಂದು ಕೇಳಿದ್ದು. ಹೆಣ್ಣುಮಕ್ಕಳ ಇಂಥ ಪ್ರಶ್ನೆಗಳನ್ನು ಶುಭಕಾಲದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅನಂತುವಿನ ಕಿವಿಯಲ್ಲಂತೂ ಅತ್ತರಿನ ಉಂಡೆ ಇತ್ತು.

ಗಡಿಯಾರದ ಲೆಕ್ಕದಲ್ಲಿ ಹತ್ತು ನಿಮಿಷ ಮೊದಲೇ ಅವನು ಕಿಣತ್ತುಕಡವು ತಲುಪಿದ. ಬಸ್ಸಿನ ಲೆಕ್ಕದಲ್ಲಿ ಅವನು ಅರ್ಧ ಗಂಟೆ ತಡವಾಗಿದ್ದ. ಮುಂದಿನದು ಬಂದಾಗ ಎಂಟೂವರೆ ದಾಟಿತ್ತು. ಕಂಡಕ್ಟರು ಹತ್ತಿ ಗಿಡಗಳನ್ನು ನೋಡಿ, “ಇದು ಬಸ್ಸಾ, ತೋಟವಾ?” ಎಂದು ಅವನ್ನು ಮೇಲಕ್ಕೆ ಎಸೆದ. ಕೋಯಮತ್ತೂರಿನ ಉಕ್ಕಡದಲ್ಲಿ ಇಳಿದು, ಗಿಡಗಳನ್ನು ಗೋಡೆಗೆ ಒರಗಿಸಿ, ಶರ್ಟಿನ ಧೂಳು ಕೊಡವಿ ತಿರುಗುವಷ್ಟರಲ್ಲಿ ಒಂದು ಹಸು ಎಲೆ, ಕಾಯಿ, ಬಿರಿದ ಹತ್ತಿ ಎಲ್ಲವನ್ನೂ ಮೆದ್ದು ಎರಡು ಕಡ್ಡಿ ಉಳಿಸಿತ್ತು. ಅನಂತು ಹಸುವನ್ನು ಬೈಯಲಿಲ್ಲ. ಗೋಮಾತೆ ಎಂದು ಹಣೆ ಮುಟ್ಟಿ ನಮಸ್ಕರಿಸಿ, ಕಡ್ಡಿಗಳನ್ನೇ ಹಿಡಿದು ಓಡಿದ. ಅವನ ಸ್ವಭಾವವೇ ಅಂಥದು. ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣ.

ಮಾದರಿ ಶಾಲೆ ತಲುಪುವಾಗ ಹಾಜರಿ ಮುಗಿದಿತ್ತು. “ಬೆಳಿಗ್ಗೆ ಬರೋ ಪರೀಕ್ಷೆಗೆ ಮಧ್ಯಾಹ್ನ ಬಂದಿದ್ದೀರಿ,” ಎಂದು ಗುಮಾಸ್ತ ಬೈದು, ಪಟ್ಟಿಯ ಬುಡದಲ್ಲಿ ಅವನ ಹೆಸರು ಗೀಚಿದ. ಏಳನೆಯವನು.

ಏಳು ಜನಕ್ಕೂ ಅದೇ ಹತ್ತಿ, ಅದೇ ಮೂರನೆಯ ಕ್ಲಾಸು, ಅದೇ ನಲವತ್ತು ಮಕ್ಕಳು. ಅನಂತು ಜಗಲಿಯ ಮೇಲೆ ಕೂತು ಮೊಸರನ್ನ ತಿನ್ನುತ್ತ ಒಳಗಿನ ಪಾಠ ಕೇಳಿಸಿಕೊಂಡ. “ಮಕ್ಕಳೇ, ನೀವು ಮೈಮೇಲೆ ಏನು ಹಾಕಿಕೊಂಡಿದ್ದೀರಿ?” ಎಂದು ಮೊದಲನೆಯವನು ಕೇಳಿದ. ಎರಡನೆಯವನೂ ಕೇಳಿದ. ಮೂರನೆಯವನು ಜಾಣ, “ಮೈಮೇಲೆ ಏನೂ ಹಾಕಿಕೊಳ್ಳದಿದ್ದರೆ ಏನಾಗುತ್ತೆ?” ಎಂದು ಕೇಳಿದ. ಒಬ್ಬೊಬ್ಬರೇ ಹೊರಗೆ ಬಂದು, ನೆಂದ ಶರ್ಟನ್ನು ಬೀಸಿಕೊಂಡು, “ಮಕ್ಕಳಾ ಅವು? ಬಾಯಿ ತೆಗೆಯೋಕೆ ಬಿಡಲ್ಲ!” ಎಂದು ಗೊಣಗಿ ಹೋದರು.

ಮೂರೂವರೆಗೆ ಅನಂತುವಿನ ಸರದಿ ಬಂತು. ಕೈಯಲ್ಲಿ ಕಡ್ಡಿ, ಕಂಕುಳಲ್ಲಿ ಸುರುಳಿ. ಪರೀಕ್ಷಕರಾದ ಗೋವಿಂದಸಾಮಿ ಹಿಂದಿನ ಬೆಂಚಿನಲ್ಲಿ ಆರು ಹತ್ತಿ ಪಾಠಗಳ ಭಾರಕ್ಕೆ ಕಣ್ಣು ಮುಚ್ಚಿದ್ದರು. ಒಳಗೆ ನಡೆದ ಮಾತೆಲ್ಲ ತಮಿಳಿನಲ್ಲಿ. ನಾವು ಮನೆಮಾತಿನಲ್ಲೇ ಕೇಳೋಣ.

“ಮಕ್ಕಳೇ, ನೀವು ಮೈಮೇಲೆ…” ಎಂದ ಅನಂತು.

“ಬಟ್ಟೆ ಸಾರ್!” ಎಂದು ನಲವತ್ತು ಗಂಟಲು ಒಟ್ಟಿಗೆ ಕೂಗಿದವು. “ಬಟ್ಟೆ ನೂಲಿಂದ ಸಾರ್! ನೂಲು ಹತ್ತಿಯಿಂದ ಸಾರ್! ಆದ್ದರಿಂದ ಇವತ್ತಿನ ಪಾಠ ಹತ್ತಿ ಸಾರ್!”

ಹತ್ತು ನಿಮಿಷದ ಪ್ರಚೋದನೆ ಅರ್ಧ ನಿಮಿಷದಲ್ಲಿ ಮುಗಿಯಿತು. ಅನಂತು ಬಾಯಿ ತೆರೆದು ನಿಂತ. ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. ಅವಳ ಹೆಸರು ತಂಗಮಣಿ. ಒಂದನೆಯ ಕ್ಲಾಸಿನಿಂದ ಇಂಥ ನೂರಾರು ಪರೀಕ್ಷೆ ಕಂಡವಳು.

“ಸಾರ್, ತಲೆಬರಹ. ಹಲಗೆ ಮೇಲೆ. ದೊಡ್ಡಕ್ಷರದಲ್ಲಿ.”

ಅನಂತು ಬರೆದ.

“ತಾರೀಕು ಬಿಟ್ರಿ ಸಾರ್. ತಾರೀಕು ಇಲ್ಲಾಂದ್ರೆ ಎರಡು ಮಾರ್ಕು ಹೋಗುತ್ತೆ.”

ಅನಂತು ತಾರೀಕು ಹಾಕಿದ.

“ಈಗ ನಿಜವಸ್ತು ಸಾರ್,” ಎಂದ ಶಣ್ಮುಗಂ ಎಂಬ ಇನ್ನೊಬ್ಬ, ಮದುವೆಮನೆಯ ಪುರೋಹಿತರು ಮುಂದಿನ ಸಾಮಗ್ರಿ ಕೇಳುವ ಹಾಗೆ.

ನಿಜವಸ್ತು ಉಕ್ಕಡದ ಹಸುವಿನ ಹೊಟ್ಟೆಯಲ್ಲಿತ್ತು. ಅನಂತು ಬೋಳು ಕಡ್ಡಿಗಳನ್ನು ಎತ್ತಿ ಹಿಡಿದ. ಕ್ಲಾಸು ಕಡ್ಡಿಗಳನ್ನು ನೋಡಿತು, ಅವನನ್ನು ನೋಡಿತು. ಆಗ ತಂಗಮಣಿ ತನ್ನ ಕಿವಿ ಮುಟ್ಟಿ ತೋರಿಸಿದಳು. ಅನಂತು ಕಿವಿಗೆ ಕೈ ಹಾಕಿ, ಅತ್ತರಿನ ಉಂಡೆ ತೆಗೆದು, ಬಿಡಿಸಿ, ಕಡ್ಡಿಯ ತುದಿಗೆ ಸಿಕ್ಕಿಸಿದ. ಕೋಣೆಯೆಲ್ಲ ಘಮ್ಮೆಂದಿತು. ಆ ವಾಸನೆಗೆ ಪರೀಕ್ಷಕರ ಕಣ್ಣು ತೆರೆಯಿತು.

“ಚಿತ್ರಪಟ ಸಾರ್,” ಎಂದು ನಲವತ್ತು ಜನ ಪಿಸುಗುಟ್ಟಿದರು.

ಅನಂತು ದಾರ ಬಿಚ್ಚಿ ಸುರುಳಿಯನ್ನು ಮೊಳೆಗೆ ತೂಗುಹಾಕಿದ. ಅದು ಹತ್ತಿಯ ಪಟವಲ್ಲ. ಮಲೇರಿಯಾದವರು ಎಂದೋ ಶಾಲೆಗೆ ಕೊಟ್ಟುಹೋಗಿದ್ದ ಸೊಳ್ಳೆಯ ಪಟ. ಕೋಳಿಯಷ್ಟು ದೊಡ್ಡ ಸೊಳ್ಳೆ ಆರು ಕಾಲು ಚಾಚಿ ಕೂತಿತ್ತು.

ಆ ದಿನದಲ್ಲಿ ಮೊದಲ ಸಲ ಕ್ಲಾಸು ನಿಶ್ಶಬ್ದವಾಯಿತು. ಆರು ಪಾಠದಲ್ಲೂ ಸೊಳ್ಳೆ ಬಂದಿರಲಿಲ್ಲ. ತಂಗಮಣಿ ಕೂಡ ಕೈ ಚೆಲ್ಲಿದಳು. ಅನಂತುವಿಗೆ ಐದು ಮೆಟ್ಟಿಲೂ ಮರೆತುಹೋದವು. ಪದ್ಮಾಕ್ಷಿ ಕೆಂಪು ಸೀರೆಯುಟ್ಟು ತಿರುಪ್ಪೂರಿನ ಬಸ್ಸು ಹತ್ತುವುದು ಕಂಡಿತು. ಏನೂ ತೋಚದೆ, ತನ್ನ ಊರಿನ ಮಕ್ಕಳೊಡನೆ ಮಾತಾಡುವ ಹಾಗೆ ಸುಮ್ಮನೆ ಕೇಳಿಬಿಟ್ಟ.

“ಇದು ಕಚ್ಚುತ್ತಲ್ಲ, ನಿಮ್ಮ ಮನೇಲಿ ಏನು ಮಾಡ್ತಾರೆ?”

ಪುಸ್ತಕದಲ್ಲಿಲ್ಲದ ಪ್ರಶ್ನೆ. ಮಕ್ಕಳು ಯೋಚಿಸಿದರು. ಅವರು ಯೋಚಿಸಿದ್ದನ್ನು ಆ ಶಾಲೆಯ ಗೋಡೆಗಳು ಬಹಳ ವರ್ಷದಿಂದ ಕಂಡಿರಲಿಲ್ಲ.

“ಹೊಡೀತಾರೆ ಸಾರ್.”

“ಬೇವಿನ ಸೊಪ್ಪಿನ ಹೊಗೆ ಹಾಕ್ತಾರೆ ಸಾರ್.”

“ನಮ್ಮಜ್ಜಿ ಹಳೇ ಸೀರೇಲಿ ತಲೇಯಿಂದ ಕಾಲ್ ತನಕ ಸುತ್ಕೊಂಡು ಮಲಗ್ತಾರೆ ಸಾರ್,” ಎಂದ ಶಣ್ಮುಗಂ. “ಹಳೇದಾದ್ರೆ ಮೆತ್ತಗಿರುತ್ತೆ.”

“ಮೆತ್ತಗೆ ಯಾಕಿರುತ್ತೆ?” ಎಂದ ಅನಂತು.

ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಹಳೆಯ ಸೀರೆ, ತೊಟ್ಟಿಲು, ದೀಪದ ಬತ್ತಿ, ಮಿಲ್ಲಿನ ಕೆಲಸ ಮುಗಿಸಿ ಬರುವ ಅಪ್ಪನ ತಲೆಯಲ್ಲಿ ಕೂತಿರುವ ಬಿಳಿಯ ನವಿರು. ತನ್ನ ಅಪ್ಪ ರಾತ್ರಿಯಿಡೀ ಕೆಮ್ಮುವುದು ಆ ನವಿರಿನಿಂದಲೇ ಇರಬಹುದೇ ಎಂದು ಒಬ್ಬಳು ಕೇಳಿದಳು. ಅನಂತು ಬೆಂಚಿನ ಅಂಚಿನಲ್ಲಿ ಕೂತು, ಇರಬಹುದು ಎಂದ. ಪರೀಕ್ಷೆ ಎಂಬುದು ಅವನಿಗೂ ಮರೆತಿತ್ತು, ಮಕ್ಕಳಿಗೂ ಮರೆತಿತ್ತು. ಗಂಟೆ ಹೊಡೆದಾಗ ಬೆಚ್ಚಿಬಿದ್ದ. ಸಾರಾಂಶ ಬರೆದಿರಲಿಲ್ಲ.

ಗೋವಿಂದಸಾಮಿ ಎದ್ದು ಬಂದರು. ಮುಖ ಕೆಂಪಾಗಿತ್ತು. ಅನಂತು ಬೈಗುಳಕ್ಕೆ ತಲೆ ತಗ್ಗಿಸಿದ.

“ಬೇಷ್!” ಎಂದರು ಅವರು. “ಸೊಳ್ಳೆಯಿಂದ ಹತ್ತಿಗೆ ಬಂದ್ರಲ್ಲ, ಹೀಗೆ ಒಂದಕ್ಕೊಂದು ಜೋಡಿಸೋದಕ್ಕೇ ಕೋರಿಲೇಷನ್ ಅನ್ನೋದು! ಸುತ್ತೋಲೆ ಮೇಲೆ ಸುತ್ತೋಲೆ ಕಳಿಸ್ತಾ ಇದ್ದೀವಿ, ಒಬ್ಬನೂ ಮಾಡಿ ತೋರಿಸಿರಲಿಲ್ಲ. ಆ ಪಟ ತರಬೇಕು ಅಂತ ನಿಮಗೆ ಹೊಳೆದದ್ದು ಹೇಗೆ?”

“ನಮ್ಮ ಹೆಡ್ಮಾಸ್ಟರು ಆರಿಸಿ ಕೊಟ್ಟರು ಸಾರ್,” ಎಂದ ಅನಂತು, ಸತ್ಯವಾಗಿ.

“ದೊಡ್ಡ ಮನುಷ್ಯ. ಅವರಿಗೆ ಯಾವ ದರ್ಜೆ ಸರ್ಟಿಫಿಕೇಟು?”

“ಅವರಿಗೆ ಸರ್ಟಿಫಿಕೇಟ್ ಇಲ್ಲ ಸಾರ್.”

“ಇಲ್ವಾ?” ಪರೀಕ್ಷಕರು ಹುಬ್ಬೇರಿಸಿದರು. ಜೇಬಿನಿಂದ ಪೆನ್ನು ತೆಗೆದು, ಅಚ್ಚಾದ ಸರ್ಟಿಫಿಕೇಟ್ ಮದರಾಸಿನಿಂದ ಬರುವವರೆಗೆ ಇರಲೆಂದು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು, ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿ, ಮೊಹರು ಒತ್ತಿ ಕೊಟ್ಟರು. ಮೊದಲ ಸಾಲಿನಲ್ಲಿ ‘ಪಾಸ್’ ಎಂದಿತ್ತು. ಅಷ್ಟು ಕಂಡ ಮೇಲೆ ಕೆಳಗಿನದನ್ನು ಓದುವ ಸಹನೆ ಯಾರಿಗಿದೆ? ಅನಂತು ಅದನ್ನು ಕಣ್ಣಿಗೊತ್ತಿಕೊಂಡು ಬಸ್ ಸ್ಟಾಂಡಿಗೆ ಓಡಿದ. ದಾರಿಯಲ್ಲಿ ಪದ್ಮಾಕ್ಷಿಗೆಂದು ಎರಡು ಮೊಳ ಮಲ್ಲಿಗೆ ಕೊಂಡ.

ಸಂಜೆ ಕಿಣತ್ತುಕಡವಿನಲ್ಲಿ ಬಸ್ಸಿಳಿದಾಗ ರಾಯರು ಒಬ್ಬರೇ ಮೋರಿಕಟ್ಟೆಯ ಮೇಲೆ ಕಾಯುತ್ತಿದ್ದರು. ಅಷ್ಟು ದೂರ ನಡೆದು ಬಂದಿದ್ದಾರಲ್ಲ ಎಂದು ಅನಂತುವಿನ ಎದೆ ತುಂಬಿಬಂತು.

“ಅಯ್ಯೋ ಪಾವಂ, ಫೇಲ್ ತಾನೇ?” ಎಂದರು ರಾಯರು, ಆಸೆಯಿಂದ.

“ಪಾಸ್ ಮಾಮ! ನಿಮ್ ಪಟದಿಂದಲೇ ಪಾಸ್!”

ರಾಯರು ಚೀಟಿ ತೆಗೆದುಕೊಂಡು ಓದಿದರು. ಮೊದಲ ಸಾಲು ಓದಿ ನಿಲ್ಲಲಿಲ್ಲ. ಓದಿ ಮುಗಿಸಿ ಮತ್ತೆ ಮೋರಿಕಟ್ಟೆಯ ಮೇಲೆ ಕುಸಿದರು.

“ಅಯ್ಯೋ ಪಾವಿ, ಪಾಪಿ. ಗಡಿಯಾರನ ನಲ್ವತ್ ನಿಮಿಷ ಹಿಂದಕ್ ತಿರುಗಿಸಿದೆ. ಪಟ ಬದಲಾಯಿಸಿದೆ. ಆದ್ರೂ ಪಾಸಾಗಿ ಬಂದ್ಯಲ್ಲೋ!”

“ನೀವಾ ಮಾಮ? ಯಾಕ್ ಮಾಮ?”

“ಕೆಳಗೆ ಓದ್ಡಾ.” ರಾಯರು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. “ಸರ್ಟಿಫಿಕೇಟ್ ಇರೋನು ಶಾಲೇಲಿ ಒಬ್ಬನಿದ್ರೂ ಅವನೇ ಹೆಡ್ಮಾಸ್ಟರಾಗ್ಬೇಕು, ಅದು ರೂಲು. ನಾಳೆಯಿಂದಲೇ ನೀನು ಚಾರ್ಜ್ ತಗೋಬೇಕೂಂತ ಬರ್ದಿದ್ದಾನೆ ಪುಣ್ಯಾತ್ಮ. ಕುರ್ಚಿ ನಿನಗೆ, ಮುಕ್ಕಾಲಿ ನನಗೆ. ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದೀನಿ ಅನಂತು. ನಿನಗೆ ಮರಳಲ್ಲಿ ಅಕ್ಷರ ತಿದ್ದಿಸಿದ್ದು ಈ ಕೈ. ನನಗೆ ಪಾಠ ಹೇಳೋಕೆ ಬರಲ್ಲಾಂತ ಇದುವರೆಗೆ ಒಂದ್ ಮಗುವೂ ಹೇಳಿಲ್ಲ.”

ಅನಂತುವಿಗೆ ಕೋಪ ಬರಬೇಕಾಗಿತ್ತು. ಬಂದದ್ದು ದುಃಖ. ಆ ಕೈ ತನ್ನ ಬೆರಳು ಹಿಡಿದು ಮರಳಿನ ಮೇಲೆ ಎಳೆದದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

“ನನ್ ಕುರ್ಚಿ ಕಿತ್ಕೊಂಡೋನಿಗೆ ನಾನು ಕೈಯಾರೆ ಧಾರೆ ಎರೀಲಾ, ನೀನೇ ಹೇಳು,” ಎಂದರು ರಾಯರು.

“ಹಾಗಾದ್ರೆ ಏನ್ ಮಾಡ್ಲಿ ಮಾಮ?”

ರಾಯರು ಆಚೀಚೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು: “ಫೇಲೂಂತ ಹೇಳ್ಬಿಡು. ಅಚ್ಚಾದದ್ದು ಶಾಲೆ ಅಡ್ರೆಸ್ಸಿಗೆ ಬರುತ್ತೆ. ಟಪಾಲು ಬಿಚ್ಚೋನು ನಾನೇ. ನಿಮ್ ಮಾಮಿನ ನಾನು ಒಪ್ಪಿಸ್ತೀನಿ. ಹೆಣ್ಣಿನ ಅಪ್ಪ ನಾನು ತಾನೇ? ನನ್ ಮನೇಲಿ ನನ್ ಮಾತು ನಡೆಯಲ್ವಾ?”

ರಾಯರ ಮನೆಯಲ್ಲಿ ರಾಯರ ಮಾತು ನಡೆದದ್ದನ್ನು ಅನಂತು ಇದುವರೆಗೆ ಕಂಡಿರಲಿಲ್ಲ. ಆದರೂ ಉಕ್ಕಡದ ಹಸುವಿಗೆ ಕೈಮುಗಿದವನಲ್ಲವೇ? ಚೀಟಿಯನ್ನು ವಾಪಸು ಕೇಳಲಿಲ್ಲ. ರಾಯರು ಅದನ್ನು ಜೇಬಿಗಿಳಿಸಿದರು. ಇಬ್ಬರೂ ಊರಿಗೆ ನಡೆದರು.

ಅಂಬುಜಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಹಿಂದೆ ತುಳಸಮ್ಮ. ಬಾಗಿಲ ಮರೆಯಲ್ಲಿ ಪದ್ಮಾಕ್ಷಿಯ ಸೀರೆಯ ಅಂಚು.

“ಏನಾಯ್ತು?”

“ಫೇಲ್ ಮಾಮಿ,” ಎಂದ ಅನಂತು.

ಅಂಬುಜಮ್ಮ ತಟ್ಟೆಯ ದೀಪ ಆರಿಸಿದಳು. ತುಳಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅನಂತು ರಾಯರ ಕಡೆ ನೋಡಿದ. ರಾಯರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಅಂಬುಜಾ, ಪರೀಕ್ಷೆ ಅಂದ್ರೆ ಏನ್ ಮಹಾ…”

“ನೀವು ಸುಮ್ನಿರಿ.”

ರಾಯರು ಸುಮ್ಮನಾದರು.

“ನಾಳೆ ಬೆಳಿಗ್ಗೆ ತಿರುಪ್ಪೂರಿಗೆ ಕಾಗದ ಹಾಕಿ. ಈ ತಿಂಗಳಲ್ಲೇ ಬರ್ಲಿ,” ಎಂದು ಅಂಬುಜಮ್ಮ ಒಳಗೆ ಹೋದಳು. ಸೀರೆಯ ಅಂಚು ಬಾಗಿಲ ಮರೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇತ್ತು. ಅನಂತು ಹೂವಿನ ಪೊಟ್ಟಣ ಹಿಡಿದೇ ನಿಂತಿದ್ದ. ಪದ್ಮಾಕ್ಷಿ ಹೊರಗೆ ಬಂದು ಅದನ್ನು ಇಸಿದುಕೊಂಡು, “ಫೇಲಾದೋರು ಯಾರಾದ್ರೂ ಹೂ ತರ್ತಾರಾ?” ಎಂದಳು. ಅಪ್ಪನ ಮುಖ ನೋಡಿದಳು, ಅನಂತುವಿನ ಮುಖ ನೋಡಿದಳು. ಅವನಾದರೂ ನಿಜ ಹೇಳುತ್ತಾನೇನೋ ಎಂದು ಕಾದಳು. ಅವನು ಹೇಳಲಿಲ್ಲ. ಅವಳು ಹೂವನ್ನು ಅವನ ಕೈಗೇ ಹಿಂದಿರುಗಿಸಿ ಒಳಗೆ ಹೋದಳು.

ಜಗಲಿಯಲ್ಲಿ ಮಾವ ಅಳಿಯ ಇಬ್ಬರೇ ಉಳಿದರು, ಅಳಿಯನಾಗದ ಅಳಿಯ. ರಾಯರು ನಶ್ಯದ ಡಬ್ಬಿ ತೆರೆದು ನೋಡಿದರು, ಮುಚ್ಚಳ ಸಡಿಲವಾಗಿತ್ತು. ಜೇಬಿನಿಂದ ಒಂದು ಕಾಗದ ತೆಗೆದು, ನಾಲ್ಕು ಮಡಿಕೆ ಮಾಡಿ, ನಶ್ಯವನ್ನು ಅದಕ್ಕೆ ಸುರಿದು, ನಾಜೂಕಾಗಿ ಪೊಟ್ಟಣ ಕಟ್ಟಿದರು. ಮೇಲೆ ಪರೀಕ್ಷಕರ ಮೊಹರು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಚಿಟಿಕೆ ಏರಿಸಿ ಸೀನಿದರು. ಸೀನಿದ ಮೇಲೆ ಮನಸ್ಸು ಹಗುರವಾಯಿತೋ ಏನೋ, ಅನಂತುವಿನ ಬೆನ್ನು ತಟ್ಟಿದರು.

“ಮನಸ್ಸಿಗೆ ಹಚ್ಕೋಬೇಡ್ಡಾ. ಮುಂದಿನ್ ವರ್ಷ ಇನ್ನೊಂದ್ ಸಲ ಕಟ್ಟು. ಗಡಿಯಾರ ನಾನೇ ಕೊಡ್ತೀನಿ.”